ಐದನೇ ತರಗತಿಯ ಅಡ್ಡಗಾಳಿ

ಲ್ಯುಬಿಂಕೊ ಮೇಷ್ಟ್ರು ವಾರಕ್ಕೆ ಹದಿನೆಂಟು ಸರ್ಬಿಯನ್ ಪಾಠ ಮಾಡುತ್ತಿದ್ದರು. ಹೆಡ್‌ಮಾಸ್ತರ್ ದೊಬ್ರೊಸಾವ್ ಅದರಲ್ಲಿ ಒಂಬತ್ತನ್ನು ಕಿತ್ತು ತನ್ನ ಅಳಿಯ ವೂಕೊತಾನಿಗೆ ಕೊಟ್ಟ. ವೂಕೊತಾ ಫುಟ್‌ಬಾಲ್ ಕಲಿಸುವವನು.

ಸೋಮವಾರ ಆದೇಶ ನೋಟೀಸ್ ಬೋರ್ಡಿಗೆ ಬಂತು. ಸ್ಟಾಫ್ ರೂಮಿನವರೆಲ್ಲ ಓದಿದರು, ‘ಛೇ’ ಎಂದರು, ಕಾಫಿ ಕುಡಿದು ಪಾಠಕ್ಕೆ ಹೋದರು. ಅರ್ಧ ಪಾಠವೆಂದರೆ ಅರ್ಧ ನೌಕರಿ. ಅದನ್ನು ವಾಪಸ್ ಪಡೆಯಲು ಮೇಷ್ಟ್ರಿಗೆ ಉಳಿದದ್ದು ಒಂದೇ ದಾರಿ. ಗುರುವಾರ ಬೆಲ್‌ಗ್ರೇಡಿನಿಂದ ಶಿಕ್ಷಣ ಸಲಹೆಗಾರ್ತಿ ಝಿವಾದಿಂಕಾ ಬರುವವರಿದ್ದರು, ‘ಆಡುತ್ತ ಕಲಿಯುವ ವ್ಯಾಕರಣ’ ಎಂಬ ಮಾದರಿ ಪಾಠ ನೋಡಲು. ಪಾಠ ಕಿತ್ತ ಸಂಗತಿಯನ್ನು ಮೇಷ್ಟ್ರು ಅವರಿಗೆ ಬರೆದು ತಿಳಿಸಿದ್ದರು. ಅವರು ಮೆಚ್ಚಿ ವರದಿ ಬರೆದರೆ ಹೆಡ್‌ಮಾಸ್ತರನ ಅಪ್ಪನೂ ಆ ಒಂಬತ್ತು ಪಾಠಗಳನ್ನು ಹಿಡಿದಿಟ್ಟುಕೊಳ್ಳುವ ಹಾಗಿರಲಿಲ್ಲ.

ಆದರೆ ಊರು ಸರ್ಬಿಯಾದ ದಕ್ಷಿಣದ ಲೆಸ್ಕೊವಾತ್ಸ್. ಸರ್ಬಿಯನ್ ಭಾಷೆಗೆ ಏಳು ವಿಭಕ್ತಿ. ಲೆಸ್ಕೊವಾತ್ಸ್‌ನವರ ಬಾಯಲ್ಲಿ ಬದುಕಿರುವುದು ಎರಡೇ, ಮೂರನೆಯದು ಹಬ್ಬಕ್ಕೆ ಬರುವ ನೆಂಟನ ಹಾಗೆ ಯಾವಾಗಲಾದರೊಮ್ಮೆ ಮುಖ ತೋರಿಸುತ್ತದೆ. ಉಳಿದ ನಾಲ್ಕನ್ನು ಮಕ್ಕಳು ಟಿ.ವಿ.ಯಲ್ಲಿ ಕೇಳಿದ್ದರು. ಮನೆಯಲ್ಲಿ ಆಡಿದರೆ ಅಜ್ಜಿ ಜ್ವರ ಬಂದಿದೆಯಾ ಎಂದು ಹಣೆ ಮುಟ್ಟಿ ನೋಡುತ್ತಿದ್ದಳು. ಪರೀಕ್ಷೆಯಲ್ಲಿ ಮಾತ್ರ ಏಳೂ ಬೇಕು, ಇಲ್ಲವೆಂದರೆ ಹಳ್ಳಿ ಗಮಾರ ಎಂದು ಕೆಂಪು ಗೀಟು.

ಮೇಷ್ಟ್ರು ಎರಡು ದಿನ ತಲೆ ಕೆರೆದುಕೊಂಡು ಒಂದು ಆಟ ಹೆಣೆದರು. ಸೆಪ್ಟೆಂಬರ್ ತಿಂಗಳು. ಊರಿನ ಪ್ರತಿ ಬಾಲ್ಕನಿಯಲ್ಲೂ ಚಳಿಗಾಲಕ್ಕೆ ಬಾಟಲಿ ತುಂಬಿಡುವ ಐವಾರ್ ಚಟ್ನಿಗೆಂದು ದಪ್ಪ ಕೆಂಪು ಮೆಣಸಿನಕಾಯಿ ಸುಡುವ ವಾಸನೆ. ಅದರ ಮುಂದೆ ವಿಭಕ್ತಿಯನ್ನು ಯಾರು ಕೇಳುತ್ತಾರೆ? ಹಾಗಾದರೆ ಐವಾರ್ ಕ್ಲಾಸಿಗೇ ಬರಲಿ. ಒಬ್ಬರು ಅಪ್ಪಣೆ ಕೊಡಬೇಕು, ಇನ್ನೊಬ್ಬರು ಮಾಡಬೇಕು. ವಿಭಕ್ತಿ ಸರಿಯಿದ್ದರೆ ಮಾಡಲೇಬೇಕು, ತಪ್ಪಿದ್ದರೆ ಕಲ್ಲಿನ ಹಾಗೆ ನಿಂತಿರಬೇಕು. ‘ಮೆಣಸಿನಕಾಯಿ ಚಾಕು ಹೆಚ್ಚು’ ಅಂದರೆ ಯಾರೂ ಕದಲುವುದಿಲ್ಲ. ‘ಮೆಣಸಿನಕಾಯಿಯನ್ನು ಚಾಕುವಿನಿಂದ ಹೆಚ್ಚು’ ಅಂದರೆ ಹೆಚ್ಚು.

ಗುರುವಾರ ಬೆಳಿಗ್ಗೆ ಎರಡು ಚೀಲ ಮೆಣಸಿನಕಾಯಿ ಹೊತ್ತು ಶಾಲೆಯ ಅಂಗಳಕ್ಕೆ ಬಂದರೆ ವೂಕೊತಾ ಸೀಟಿ ಊದುತ್ತ ಅಡ್ಡ ಬಂದ.

“ಅಂಗಳದಲ್ಲಿ ಒಲೆಗಿಲೆ ಹಚ್ಚಂಗಿಲ್ಲ ಮೇಷ್ಟ್ರೇ. ನಂದು ಪ್ರಾಕ್ಟೀಸ್ ಐತೆ.”

“ನಿನ್ನೆ ನಿಮ್ಮಾವನ್ನ ಕೇಳಿದ್ನಲ್ಲೋ, ಆಯ್ತು ಅಂದ್ರು!”

“ನಿನ್ನೆ ಅಂದಿರ್ಬೋದು. ಇವತ್ತು ಬೆಳಿಗ್ಗೆ ನಮ್ಮನೇಲಿ ಕಾಫಿ ಕುಡಿದ್ರಲ್ಲ.”

ಒಲೆ ಕ್ಲಾಸಿನೊಳಗೆ ಹೋಯಿತು. ಅಡುಗೆಮನೆಯ ಸ್ತೋಯ್ನಮ್ಮ ಎರಡು ಕರೆಂಟ್ ಒಲೆ, ಒಂದು ತಗಡಿನ ಹಾಳೆ ತಂದಳು. ಅವುಗಳ ಜೊತೆ, ಕೇಳದಿದ್ದರೂ, ನಾಲ್ಕು ಬದನೆಕಾಯಿಯನ್ನೂ ತಂದಳು.

“ಬದನೆ ಯಾಕಮ್ಮ?”

“ಬದನೆ ಇಲ್ದೆ ಐವಾರಾ? ನಿಮ್ಮಮ್ಮ ನಿಂಗೆ ಏನ್ ತಿನ್ಸಿ ಬೆಳ್ಸಿದ್ಳೋ ಮಗಾ?”

ಮೇಲ್ವಿಚಾರಣೆಗೆಂದು ಬಂದ ದೊಬ್ರೊಸಾವ್‌ಗೆ ಬದನೆ ಕಂಡದ್ದೇ ಮುಖ ಕೆಂಪಾಯಿತು. “ಯಾರ್ರೀ ಇದನ್ನ ತಂದಿದ್ದು? ಬದನೆ ಹಾಕಿದ್ರೆ ಅದು ಐವಾರ್ ಅಲ್ಲ, ಸಾರು!”

“ನಿಮ್ ಹೆಂಡ್ತಿ ಮಾಡೋದನ್ನ ನೋಡಿ ಹೇಳ್ತೀರಾ ಸಾರ್? ಆಯಮ್ಮ ಅಂಗ್ಡೀಲಿ ಬಾಟ್ಲಿ ತಗೊಂಡು ಲೇಬಲ್ ಕೀಳ್ತಾಳೆ, ಇಡೀ ಬೀದಿಗೇ ಗೊತ್ತು.”

“ಇಬ್ರೂ ಸುಮ್ನಿರ್ತೀರಾ? ಇದು ವ್ಯಾಕರಣದ ಪಾಠ!” ಎಂದು ಮೇಷ್ಟ್ರು ಕಿರುಚಿದ್ದು ಯಾರ ಕಿವಿಗೂ ಬೀಳಲಿಲ್ಲ. ಅಷ್ಟರಲ್ಲಿ ಝಿವಾದಿಂಕಾ ಮೇಡಂ ಬಾಗಿಲಲ್ಲಿ ನಿಂತಿದ್ದರು. ಹೊರಗೆ ಬಿಸಿಲು ಹೊಡೆಯುತ್ತಿದ್ದರೂ ಕುತ್ತಿಗೆಗೆ ಎರಡು ಸುತ್ತು ಉಣ್ಣೆಯ ಸ್ಕಾರ್ಫ್. ಕೊನೆಯ ಬೆಂಚಿನಲ್ಲಿ ಕೂತು ಪೆನ್ನು ತೆಗೆದರು.

ಪಾಠ ಶುರುವಾಯಿತು. ಮೊದಲ ಐದು ನಿಮಿಷ ಮಕ್ಕಳು ಒಬ್ಬರಿಗೊಬ್ಬರು ತಪ್ಪು ಅಪ್ಪಣೆ ಕೊಟ್ಟು ಕಲ್ಲಿನ ಹಾಗೆ ನಿಂತರು. ಇಡೀ ಕ್ಲಾಸು ಮ್ಯೂಸಿಯಂ ಆಯಿತು. ಆಮೇಲೆ, ಮೂರು ವರ್ಷದಿಂದ ಎರಡು ವಿಭಕ್ತಿಯಲ್ಲೇ ಸಂಸಾರ ಸಾಗಿಸುತ್ತಿದ್ದ ಸೆಂಕಾ ಎಂಬ ಹುಡುಗಿ ತಗಡಿನ ಮೇಲಿನ ಕಾಯಿಗಳನ್ನೇ ದಿಟ್ಟಿಸಿ ನೋಡಿ ಬಾಯಿ ತೆರೆದಳು.

“ಮೀಲಾನ್, ತಗಡಿನ ಮೇಲಿಂದ ಮೆಣಸಿನಕಾಯಿಯನ್ನು ಕೈಯಿಂದಲ್ಲ, ಚಿಮಟದಿಂದ ತೆಗೆದು ಪಾತ್ರೆಯಲ್ಲಿ ಹಾಕು!”

ಮೀಲಾನ್ ಹಾಕಿದ. ಕ್ಲಾಸು ಹೋ ಎಂದಿತು. ಹಸಿವೆಗೆ ಇರುವ ಶಕ್ತಿ ಪಠ್ಯಪುಸ್ತಕಕ್ಕಿಲ್ಲ. ಒಬ್ಬೊಬ್ಬರೂ ಸುಡು, ತಿರುವು, ಸುಲಿ, ಅರೆ ಎಂದು ಅಪ್ಪಣೆಗಳ ಸುರಿಮಳೆ ಸುರಿಸಿದರು. ಏಳೂ ವಿಭಕ್ತಿಗಳು ಲೆಸ್ಕೊವಾತ್ಸ್‌ನಲ್ಲಿ ಬೀದಿಗಿಳಿದವು. ಝಿವಾದಿಂಕಾ ಅವರ ಪೆನ್ನು ಸರಸರ ಓಡಿತು.

ಹೊಗೆಯೂ ಓಡಿತು. ಮೆಣಸಿನ ಸಿಪ್ಪೆ ಕರಕಲಾಗುವ ಹೊಗೆ ಚಾವಣಿಯಿಂದ ಇಳಿದು, ಬೋರ್ಡನ್ನು ನುಂಗಿ, ಮೊದಲ ಬೆಂಚಿನ ಮಕ್ಕಳ ಕೊರಳಿಗೆ ಬಂತು. ಮೇಷ್ಟ್ರು ರಸ್ತೆ ಕಡೆಯ ಕಿಟಕಿ ತೆರೆದರು. ಒಂದು ಎಳೆಯೂ ಆಚೆ ಹೋಗಲಿಲ್ಲ. ಅಂಗಳದ ಕಡೆಯ ಕಿಟಕಿಯ ಚಿಲಕಕ್ಕೆ ಕೈಯಿಟ್ಟರು.

“ಅಯ್ಯೋ, ಮೊದ್ಲು ಅದನ್ನ ಮುಚ್ಚು!” ಸ್ತೋಯ್ನಮ್ಮ ಹಾರಿಬಂದು ರಸ್ತೆ ಕಡೆಯ ಕಿಟಕಿಯನ್ನು ಮುಚ್ಚಿದಳು. “ಮಕ್ಳು ಬೆವ್ತಿದಾವೆ. ಎರಡೂ ಕಡೆ ಕಿಟಕಿ ತೆಗ್ದು ಅಡ್ಡಗಾಳಿ ಹೊಡೆದ್ರೆ?”

“ಉಸಿರು ಕಟ್ತಿದೆಯಲ್ಲಮ್ಮ!”

“ಉಸಿರು ಕಟ್ಟಿದ್ರೆ ಕೆಮ್ಮು ಬರತ್ತೆ, ಹೋಗತ್ತೆ. ಅಡ್ಡಗಾಳಿ ಕಿಡ್ನಿಗೆ ಬಡಿದ್ರೆ ಹೋಗತ್ತಾ? ನಮ್ಮ ಭಾವನ ಬಾಯಿ ಇವತ್ತಿಗೂ ಸೊಟ್ಟಗಿದೆ, ಬಸ್ಸಲ್ಲಿ ಎರಡು ತೆರೆದ ಕಿಟಕಿ ನಡುವೆ ಎರಡೇ ನಿಮಿಷ ಕೂತಿದ್ದು.”

ಬದನೆಯ ವಿಷಯದಲ್ಲಿ ಕೊರಳು ಹಿಡಿಯಲು ಸಿದ್ಧನಾಗಿದ್ದ ದೊಬ್ರೊಸಾವ್ ಈಗ ಅವಳ ಪಕ್ಕ ನಿಂತು ಗಂಭೀರವಾಗಿ ತಲೆಯಾಡಿಸಿದ. ಅಡ್ಡಗಾಳಿಗೆ ಹೆದರದವರು ಆ ದೇಶದಲ್ಲಿ ಯಾರೂ ಇರಲಿಲ್ಲ. ಮೇಡಂ ಕಣ್ಣೊರೆಸಿಕೊಳ್ಳುತ್ತಿದ್ದುದನ್ನು ಕಂಡು, “ನಮ್ಮ ಶಾಲೇಲಿ ಭಾಷೆ ಅಂದ್ರೆ ಮಕ್ಕಳು ಹೀಗೇ ಭಾವುಕರಾಗ್ತಾರೆ ಮೇಡಂ,” ಎಂದ. ಇಪ್ಪತ್ತಾರು ಮಕ್ಕಳು ಬಳಬಳ ಕಣ್ಣೀರು ಸುರಿಸುತ್ತ ಭಾವುಕರಾಗಿದ್ದರು.

ಸೆಂಕಾ ಮತ್ತೊಂದು ಅಪ್ಪಣೆಗೆ ಬಾಯಿ ತೆರೆದಳು. ಮಾತು ಬರಲಿಲ್ಲ. ಕೊರಳಿನಿಂದ ಹಳೆಯ ಗೇಟು ತೆರೆದ ಹಾಗೆ ಸದ್ದು ಬಂತು, ಇನ್ನೊಂದು ಸಲ ಬಂತು, ತುಟಿ ಬಿಳಿಚಿತು.

ಮೇಷ್ಟ್ರಿಗೆ ಆಮೇಲೆ ಏನು ಮಾಡಿದೆನೆಂದೇ ತಿಳಿಯಲಿಲ್ಲ. ಸ್ತೋಯ್ನಮ್ಮನನ್ನು ಬದಿಗೆ ಸರಿಸಿ ರಸ್ತೆ ಕಡೆಯ ಕಿಟಕಿ ದಢಾರನೆ ತೆರೆದರು. ನಾಲ್ಕು ಹೆಜ್ಜೆಗೆ ಕ್ಲಾಸು ದಾಟಿ ಅಂಗಳದ ಕಡೆಯದನ್ನೂ ತೆರೆದು, ಸೆಂಕಾಳನ್ನು ಎತ್ತಿ ಕಿಟಕಿಯ ಕಟ್ಟೆಯ ಮೇಲೆ ಕೂರಿಸಿದರು. ಹೊಗೆ ಒಂದೇ ಏಟಿಗೆ ಆಚೆ ಹೋಯಿತು. ಮಕ್ಕಳು ಮೀನಿನ ಹಾಗೆ ಬಾಯಿ ಬಿಟ್ಟು ಗಾಳಿ ಕುಡಿದರು. ಸೆಂಕಾಳ ತುಟಿಗೆ ಬಣ್ಣ ಬಂತು. ಎಂಥ ಪಾಠ ಎಂದು ಮೇಷ್ಟ್ರು ನಗುತ್ತ ತಿರುಗಿದರು.

ಯಾರೂ ನಗುತ್ತಿರಲಿಲ್ಲ. ಮೇಡಂ ಅವರ ಸ್ಕಾರ್ಫಿನ ತುದಿ ಮೆಲ್ಲಗೆ ಅಲುಗಾಡುತ್ತಿತ್ತು. ಅವರು ಅದನ್ನೇ ಹಾವು ನೋಡುವಂತೆ ನೋಡುತ್ತಿದ್ದರು.

“ಎರಡೂ ತೆಗೆದ್ರಾ?” ಎಂದರು. “ಎದುರುಬದುರು?”

“ಮಗು ಉಸಿರು...”

“ಬೆವೆತ ಮಕ್ಕಳ ಮೇಲೆ?”

ಆ ಹೊತ್ತಿಗೇ ವೂಕೊತಾ ಬಾಗಿಲು ತಳ್ಳಿ ಒಳಗೆ ತಲೆ ಹಾಕಿದ. “ಬಾಗ್ಲು!!” ಎಂದು ಮೇಡಂ, ಸ್ತೋಯ್ನಮ್ಮ, ದೊಬ್ರೊಸಾವ್ ಮೂವರೂ ಒಟ್ಟಿಗೆ ಚೀರಿದರು. ಅವನು ಬಾಗಿಲು ಮುಚ್ಚಿ ಅದಕ್ಕೇ ಬೆನ್ನು ಕೊಟ್ಟು ನಿಂತ.

ಝಿವಾದಿಂಕಾ ವರದಿಯನ್ನು ಓದಿದರು. “‘ಇಪ್ಪತ್ತು ವರ್ಷದಲ್ಲಿ ನಾನು ನೋಡಿದ ಅತ್ಯುತ್ತಮ ಪಾಠ. ಒಂಬತ್ತು ಪಾಠಗಳನ್ನೂ ಇವರಿಗೇ ಹಿಂದಿರುಗಿಸತಕ್ಕದ್ದು.’ ಇದು ಹತ್ತು ನಿಮಿಷದ ಹಿಂದೆ ಬರ್ದಿದ್ದು.” ಹೊಸ ಸಾಲು ಬರೆದು ಅದನ್ನೂ ಓದಿದರು. “‘ಆದರೆ ಇವರ ಕೈಯಲ್ಲಿ ಮಕ್ಕಳು ಸುರಕ್ಷಿತರಲ್ಲ. ಹದಿನೆಂಟನ್ನೂ ಸದ್ಯಕ್ಕೆ ವೂಕೊತಾ ಅವರೇ ನೋಡಿಕೊಳ್ಳಲಿ.’”

“ಅವ್ನು ದಿನವಿಡೀ ಮಕ್ಕಳನ್ನ ಬಯಲಲ್ಲಿ ಓಡಿಸ್ತಾನೆ ಮೇಡಂ! ಅಲ್ಲಿ ಗಾಳಿ ಇಲ್ವಾ?”

“ಬಯಲಲ್ಲಿರೋದು ಬರೀ ಗಾಳಿ,” ಎಂದರು ಮೇಡಂ, ಒಂದನೇ ತರಗತಿಗೆ ಹೇಳುವಷ್ಟು ತಾಳ್ಮೆಯಿಂದ. ಸ್ತೋಯ್ನಮ್ಮ, “ಅಷ್ಟೂ ಗೊತ್ತಿಲ್ವಾ ಮಗಾ!” ಎಂದು ಹಣೆ ಚಚ್ಚಿಕೊಂಡಳು. ಬದನೆಗಾಗಿ ಒಡೆದುಹೋಗಿದ್ದ ಲೆಸ್ಕೊವಾತ್ಸ್, ಬೆಲ್‌ಗ್ರೇಡನ್ನೂ ಸೇರಿಸಿಕೊಂಡು, ಒಂದಾಗಿತ್ತು. ಅಳಿಯನಿಗೆ ನೌಕರಿ ಹಂಚಿದಾಗ ಇವರಲ್ಲಿ ಒಬ್ಬರ ಕಿಡ್ನಿಗೂ ನೋವಾಗಿರಲಿಲ್ಲ.

ಪೆನ್ನು ಇನ್ನೂ ಕಾಗದದ ಮೇಲಿತ್ತು. “ಈ ಕ್ಷಣ ಕಿಟಕಿ ಮುಚ್ಚಿಸಿ. ನಾನು ಕೊನೇ ಸಾಲು ಹೊಡೆದು ಹಾಕ್ತೀನಿ.”

ಮೇಷ್ಟ್ರು ಹದಿನೆಂಟು ಪಾಠಗಳನ್ನು ನೆನೆದರು. ಒಲೆಯ ಮೇಲೆ ಮೆಣಸಿನಕಾಯಿ ಇನ್ನೂ ಕರಕಲಾಗುತ್ತಿತ್ತು. ಅವರು ಗಂಟಲು ಸರಿಪಡಿಸಿಕೊಂಡು, ಸೆಂಕಾಳ ಕಣ್ಣು ತಪ್ಪಿಸಿ, ಒಂದೊಂದೇ ಪದವನ್ನು ಸ್ಪಷ್ಟವಾಗಿ ಹೇಳಿದರು.

“ಸೆಂಕಾ, ಕೈಯಿಂದ ಕಿಟಕಿಯನ್ನು ಮುಚ್ಚು.”

ವಿಭಕ್ತಿಯಲ್ಲಿ ಒಂದು ತಪ್ಪೂ ಇರಲಿಲ್ಲ. ಸೆಂಕಾ ಕಟ್ಟೆಯ ಮೇಲೆ ಕೂತೇ ಮುಖವನ್ನು ಹೊರಗೆ ಚಾಚಿ ಎದೆ ತುಂಬ ಉಸಿರೆಳೆದುಕೊಂಡಳು.

“ಮುಚ್ಚಲ್ಲ ಮೇಷ್ಟ್ರೇ,” ಎಂದಳು.