ಮಾವನ ಇಲಿ, ಅಜ್ಜಿಯ ಹಾಲೆ ಕಷಾಯ

ನನ್ನ ಸೋದರಮಾವನಷ್ಟು ಸತ್ಯವಂತರು ಮಂಗಳೂರಿನಲ್ಲಿ ಇನ್ನೊಬ್ಬರಿರಲಿಲ್ಲ. ಅದಕ್ಕೇ ಅವರನ್ನು ಯಾರೂ ಮದುವೆಗೆ ಕರೆಯುತ್ತಿರಲಿಲ್ಲ! ಒಮ್ಮೆ ಉರ್ವದ ನೆಂಟರೊಬ್ಬರು, "ಊಟ ಹೇಗಿತ್ತು?" ಎಂದು ಕೇಳಿ ಕೆಟ್ಟರು.

"ಒಂದು ಸಲ ಉಂಡು ಹೇಗೆ ಹೇಳುವುದು ಮಾರಾಯ್ರೆ? ಮೂರು ಸಲವಾದ್ರೂ ನೋಡ್ಬೇಕು. ಸದ್ಯಕ್ಕೆ ಸಾರಿಗೆ ಉಪ್ಪು ಜಾಸ್ತಿ."

ಎಪ್ಪತ್ತರ ದಶಕದ ಕೊನೆಯದು ಈ ಕಥೆ. ಮಾವ ಕಾಲೇಜಿನ ಪ್ರಯೋಗಾಲಯದಲ್ಲಿ ಗಿಡಗಳ ರಸ ತೆಗೆದು, ಗಡ್ಡೆಯೆದ್ದ ಇಲಿಗಳಿಗೆ ಚುಚ್ಚಿ, ಕ್ಯಾನ್ಸರ್ ಕರಗುತ್ತದೋ ಎಂದು ಕಾಯುತ್ತಿದ್ದರು. ಅವರ ಸ್ಕೂಟರ್ ಹೋದ ದಾರಿಯಲ್ಲಿ ಯಾರ ಬೇಲಿಯ ಗಿಡವೂ ಉಳಿಯುತ್ತಿರಲಿಲ್ಲ. ಇಲಿ ಸತ್ತರೆ ಮೂರು ದಿನ ಗಡ್ಡ ಬಿಡುವರು. ಸ್ವಂತ ದೊಡ್ಡಪ್ಪ ತೀರಿದ ಮರುದಿನವೇ ನುಣ್ಣಗೆ ಕ್ಷೌರ!

ಅಷ್ಟರಲ್ಲಿ ಅವರ ಹೆತ್ತಮ್ಮನಿಗೇ, ಅಂದರೆ ನಮ್ಮ ಅಜ್ಜಿಗೇ, ಎದೆಯಲ್ಲಿ ಗಡ್ಡೆ ಕಾಣಿಸಿತು. ಡಾಕ್ಟರು ತಡವಾಯಿತೆಂದರು. ಅಜ್ಜಿ ಜಗ್ಗಲಿಲ್ಲ. ಆಷಾಢದ ಆಟಿ ಅಮಾವಾಸ್ಯೆಯ ಬೆಳಿಗ್ಗೆ ಹಾಲೆ ಮರದ ತೊಗಟೆಯ ಕಷಾಯ ಕುಡಿಯುವುದು ನಮ್ಮ ಕಡೆಯ ರೂಢಿ.

"ಆಟಿ ಅಮಾವಾಸ್ಯೆ ಬರ್ಲಿ. ಹಾಲೆ ಮರದ ಕಷಾಯಕ್ಕೆ ಹೋಗದ ಕಾಯಿಲೆ ಎಂತ ಉಂಟು? ಆದ್ರೆ ತೊಗಟೆಯನ್ನು ಕಲ್ಲಿನಿಂದಲೇ ಜಜ್ಜಿ ತೆಗಿ ಮಗಾ. ಕತ್ತಿ ತಾಗಿದ್ರೆ ವಿಷ!"

"ಅದಕ್ಕೆ ಸಾಕ್ಷಿ ಉಂಟಾ?" ಎಂದರು ಮಾವ.

ಸಾಕ್ಷಿಯಂತೆ! ಅಮಾವಾಸ್ಯೆಯ ಬೆಳಿಗ್ಗೆ ಈ ಮಹಾನುಭಾವರು ಒಂದೇ ಮರದ ತೊಗಟೆಯನ್ನು ಸ್ವಲ್ಪ ಕಲ್ಲಿನಿಂದ, ಸ್ವಲ್ಪ ಕತ್ತಿಯಿಂದ ತೆಗೆದರು. ಎರಡು ಬಾಟಲಿಗಳಿಗೆ 'ಕಲ್ಲು', 'ಕತ್ತಿ' ಎಂದು ಚೀಟಿ ಅಂಟಿಸಿ ಇಲಿಗಳ ಹತ್ತಿರ ಒಯ್ದರು. ಅಜ್ಜಿಗೆ ಒಂದು ಹನಿಯೂ ಇಲ್ಲ!

ನನ್ನ ಅಮ್ಮ ಸುಮ್ಮನಿರುವರೇ? "ನಿನ್ನ ತಲೆ ಸಮ ಉಂಟಾ? ಹೆತ್ತವಳಿಗಿಂತ ಇಲಿ ಹೆಚ್ಚಾಯ್ತಾ?"

"ವಿಷವೇ ಆದ್ರೆ ಎಂತ ಮಾಡುವುದು ಅಕ್ಕ?" ಎಂದರು ಮಾವ.

ಕೆಲವು ವಾರಗಳಲ್ಲಿ ಕಲ್ಲಿನ ಇಲಿಗಳು ಸತ್ತವು. ಕತ್ತಿಯ ಇಲಿಗಳೂ ಸತ್ತವು. ಬರೀ ನೀರು ಚುಚ್ಚಿಸಿಕೊಂಡವೂ ಅದೇ ವಾರ ಸತ್ತವು. ಮಾವ ಜಗಲಿಯಲ್ಲಿ ಇಷ್ಟನ್ನು ನಮಗೆ ವರದಿ ಒಪ್ಪಿಸಿ ಒಳಗೆ ಹೋದರು. ಅಜ್ಜಿ ಗಂಜಿಯನ್ನೂ ಬಿಟ್ಟು ಎರಡು ದಿನವಾಗಿತ್ತು.

"ನಿನ್ನ ಇಲಿಗಳದ್ದು ಎಂತ ಆಯ್ತು ಮಗಾ?"

ನಾವೆಲ್ಲ ಎದ್ದು ಬಾಗಿಲಿಗೆ ಓಡಿದೆವು. ಸಾರಿನ ಉಪ್ಪನ್ನೂ ಬಿಡದ ಬಾಯಿ ಅದು!

"ಬದುಕಿದ್ವು ಅಮ್ಮ."

"ಕಲ್ಲಿನದ್ದಾ, ಕತ್ತಿಯದ್ದಾ?"

ಮಾವ ಅಜ್ಜಿಯ ಕೈ ಹಿಡಿದುಕೊಂಡರು. "ಕಲ್ಲಿನದ್ದು."

"ನಾನು ಹೇಳಿರ್ಲಿಲ್ವಾ?" ಎಂದು ಅಜ್ಜಿ ನಕ್ಕರು. "ಇನ್ನು ನನಗೂ ಸ್ವಲ್ಪ ಕೊಡು."

ಮರುದಿನ ಮಾವ ಹಾಲೆ ಮರದ ಬುಡದಲ್ಲಿ ಕುಳಿತು ಕಲ್ಲಿನಿಂದ ತೊಗಟೆ ಜಜ್ಜುತ್ತಿದ್ದರು. ಲೇವಡಿ ಮಾಡೋಣವೆಂದು ಹತ್ತಿರ ಹೋದೆ. ಅವರು ಮಗುವಿನ ಹಾಗೆ ಅಳುತ್ತಿದ್ದರು. ನಾನೂ ಒಂದು ಕಲ್ಲು ಹುಡುಕಿಕೊಂಡು ಪಕ್ಕದಲ್ಲಿ ಕುಳಿತೆ.