ಗುಳಿಗೆ ಅತ್ತೆಯ ದಿಗ್ವಿಜಯ

ಅಂಕೋಲೆಯ ಮೆಡಿಕಲ್ ಅಂಗಡಿಯವನು ಈ ಲೋಕದಲ್ಲಿ ಯಾರಿಗಾದರೂ ಹೆದರುತ್ತಾನೆಂದರೆ, ಅದು ಭಾವಿಕೇರಿಯ ನಮ್ಮ ಸೋದರತ್ತೆಗೆ ಮಾತ್ರ!

ಹಿಂದೆ ಇದೇ ಅತ್ತೆ ಊರಿಗೆಲ್ಲ ಪದವಿಯಿಲ್ಲದ ಡಾಕ್ಟರು. ಆಸ್ಪತ್ರೆಯಲ್ಲಿ ಕೊಟ್ಟ ಆ್ಯಂಟಿಬಯೋಟಿಕ್ ಗುಳಿಗೆಗಳನ್ನು ಜ್ವರ ಇಳಿಯುವ ತನಕ ನುಂಗಿ, ಮಿಕ್ಕದ್ದನ್ನು ಡಬ್ಬಿಯಲ್ಲಿ ಕೂಡಿಡುತ್ತಿದ್ದಳು. ಪಕ್ಕದ ಮನೆಯವರು ಸೀನಿದರೆ ಸಾಕು, ಡಬ್ಬಿ ಹೊರಬೀಳುತ್ತಿತ್ತು. ಕೆಂಪು ಗುಳಿಗೆ ಗಂಟಲಿಗೆ, ಹಳದಿ ಹೊಟ್ಟೆಗೆ. ಇಂಥ ವೈದ್ಯಶಾಸ್ತ್ರ ಇನ್ನೆಲ್ಲಿದೆ ಹೇಳಿ!

ಒಮ್ಮೆ ಹಳದಿ ಖಾಲಿಯಾಗಿತ್ತು. "ಈಗ ಹೊಟ್ಟೆನೋವಿಗೆ ಎಂತ ಕೊಡ್ತೆ ಅತ್ತೆ?" ಎಂದು ಕೇಳಿದೆ.

"ಗಂಟಲಿನ ಗುಳಿಗೆನೇ ಕೊಡುದು ತಮಾ. ಗಂಟಲಿಗೆ ಹೋದದ್ದು ಆಮೇಲೆ ಹೊಟ್ಟೆಗೇ ಹೋಗುದಲ್ದಾ?"

ಮಾವನಿಗೆ ಆ ಡಬ್ಬಿ ಕಂಡರಾಗದು. "ಅದನ್ನ ಹೊಳೆಗೆ ಎಸಿ" ಎಂದರೆ, "ಜ್ವರ ಬಂದಾಗ ನೀವು ಹೊಳೆಗೇ ಇಳ್ದು ಹುಡ್ಕಿ" ಎನ್ನುವಳು.

ಹೋದ ವರ್ಷ ಅತ್ತೆಗೇ ಉರಿಮೂತ್ರ ಶುರುವಾಯಿತು. ಡಬ್ಬಿಯ ಬಣ್ಣಗಳೆಲ್ಲ ಸೋತವು. ಚಳಿಜ್ವರ ಏರಿ ಮಾತು ತೊದಲತೊಡಗಿದಾಗ ನಾನೂ ಮಾವನೂ ಅವಳನ್ನು ಕಾರವಾರದ ಆಸ್ಪತ್ರೆಗೆ ಸೇರಿಸಿದೆವು. ಸೋಂಕು ರಕ್ತಕ್ಕೆ ಏರಿತ್ತು. ಮೊದಲು ಕೊಟ್ಟ ಇಂಜೆಕ್ಷನ್ನುಗಳು ನಾಟಲೇ ಇಲ್ಲ. ಮೂತ್ರಪರೀಕ್ಷೆ ಮುಗಿದ ಮೇಲೆ ಡಾಕ್ಟರಮ್ಮ ಹೇಳಿದರು:

"ರೋಗಾಣು ಸಾಮಾನ್ಯದ್ದೇ. ಆದರೆ ನಾವು ದಿನಾ ಕೊಡುವ ಔಷಧಗಳಲ್ಲಿ ಒಂದಕ್ಕೂ ಬಗ್ಗುತ್ತಿಲ್ಲ. ಬೇಡದ್ದಕ್ಕೆಲ್ಲ ಗುಳಿಗೆ ತಿಂದರೆ ಹೀಗೇ, ಸಾಯದೆ ಉಳಿದವು ಗಟ್ಟಿಯಾಗ್ತವೆ."

ಅರೆಪ್ರಜ್ಞೆಯಲ್ಲಿದ್ದ ಅತ್ತೆ ಗೊಣಗಿದಳು: "ಯಾರ ಮಾತೂ ಕೇಳುದಿಲ್ಲ ಅಂದ್ರೆ... ನನ್ನ ಮೈಯಲ್ಲೇ ಬೆಳದವಲ್ದಾ!"

ಡಾಕ್ಟರಮ್ಮ ನಕ್ಕರು. ನಮಗೆ ನಗು ಬರಲಿಲ್ಲ. ಆ ರೋಗಾಣುವಿಗೆ ತಾಗುವ ಔಷಧ ಉಳಿದಿದ್ದು ಒಂದೇ ಒಂದು. ಅದು ಸಲಾಯಿನ್ ನಳಿಗೆಯಲ್ಲಿ ಹನಿಹನಿಯಾಗಿ ಇಳಿಯುತ್ತಿದ್ದರೆ ನಾವು ಹನಿ ಎಣಿಸುತ್ತ ಕಾದೆವು. ಕೊನೆಗೊಂದು ಬೆಳಿಗ್ಗೆ ಜ್ವರ ಬಿಟ್ಟಿತು. ಅತ್ತೆ ಎದ್ದು ಕೂತು, ಗಂಜಿಗೆ ಉಪ್ಪಿಲ್ಲವೆಂದು ಜಗಳ ತೆಗೆದಳು. ಇಡೀ ವಾರ್ಡಿಗೆ ಗೊತ್ತಾಯಿತು: ಗೆದ್ದಳು!

ಮನೆಗೆ ಬಂದವಳೇ ಡಬ್ಬಿಯಲ್ಲಿ ಉಳಿದದ್ದನ್ನೆಲ್ಲ ನಾಶಮಾಡಲೆಂದು ಆಸ್ಪತ್ರೆಗೆ ಕಳಿಸಿ, ದಂಡಯಾತ್ರೆಗೆ ಹೊರಟಳು. ಅಂಕೋಲೆ ಪೇಟೆಯ ಮೆಡಿಕಲ್ ಅಂಗಡಿಯಲ್ಲಿ ಒಬ್ಬ ನೆಗಡಿಗೆಂದು ಆ್ಯಂಟಿಬಯೋಟಿಕ್ ಕೇಳುತ್ತಿದ್ದ. ಅತ್ತೆ ನಡುವೆ ಬಾಯಿ ಹಾಕಿದಳು.

"ಡಾಕ್ಟರ ಚೀಟಿ ಎಲ್ಲದೆ?"

"ಅಕ್ಕಾ, ಅಂಗಡಿ ನಂದು" ಎಂದ ಅಂಗಡಿಯವನು.

"ಅಂಗಡಿ ನಿಂದು ಹೌದು. ರೋಗಾಣು ಊರಿಗೆಲ್ಲಾ ಸೇರಿದ್ದು!"

ಈಗ ಅತ್ತೆ ಬಸ್ಸಿಳಿಯುವುದು ಕಂಡರೆ ಅವನೇ ಗಿರಾಕಿಯ ಹತ್ತಿರ ಚೀಟಿ ಕೇಳುತ್ತಾನೆ!

ಮೊನ್ನೆ ಮಾವನ ಕಾಲಿನ ಗಾಯ ಕೀವಾಗಿ, ಡಾಕ್ಟರು ಗುಳಿಗೆ ಬರೆದುಕೊಟ್ಟರು. ಪ್ರತಿ ಹೊತ್ತೂ ಅತ್ತೆ ನೀರಿನ ಲೋಟ ಹಿಡಿದು ಪೊಲೀಸಿನವಳಂತೆ ಎದುರು ನಿಂತಳು. ಕೊನೆಯ ಗುಳಿಗೆ ನುಂಗಿ ಮಾವ, "ಮುಗೀತು. ಇನ್ನಾದ್ರೂ ನನ್ನ ಬಿಡು ಮಾರಾಯ್ತಿ" ಎಂದ.

ಅತ್ತೆ ತಿರುಗಿ ಬೈಯಲಿಲ್ಲ. ಖಾಲಿ ಲೋಟವನ್ನು ಕೈಯಲ್ಲೇ ತಿರುಗಿಸುತ್ತ ಮೆಲ್ಲಗೆ ಅಂದಳು:

"ಕಾರವಾರದಲ್ಲಿ ನಾ ಕಣ್ ಬಿಟ್ಟಾಗ ನೀವು ಮಂಚ ಹಿಡ್ಕಂಡು ಕೂತಿದ್ರಿ. ನಂಗೆ ನಿಮ್ಮ ಮಂಚ ಹಿಡ್ಕಂಡು ಹಾಂಗೆ ಕೂರುಕೆ ಬರುದಿಲ್ಲ."