ಇಪ್ಪತ್ತನೇ ಗೆರೆ

ಲೆಕ್ಕ ತಪ್ಪಿದರೂ ಧ್ವನಿ ತಗ್ಗಬಾರದು ಎಂಬುದು ಇಷ್ಟು ವರ್ಷ ಗಣಿತ ಕಲಿಸಿದ ನನ್ನ ಗುಟ್ಟು. ಶಿಕಾರಿಪುರದ ಹೈಸ್ಕೂಲಿನಲ್ಲಿ ಅನುಪಾತದ ಪಾಠವನ್ನು ಪುಸ್ತಕ ತೆರೆಯದೆ ಮಾಡುತ್ತೇನೆ. ಬೋರ್ಡಿನ ಮೇಲೆ ಎಂದೂ ಕೈಕೊಡದ ಆ ಪಾಠ ಸೊರಬದಲ್ಲಿ, ಮಾವನವರ ಕಣ್ಣೆದುರೇ ಕೈಕೊಟ್ಟಿತು.

ನನ್ನ ಮಗಳು ಸಿಂಚನಾಗೆ ಹನ್ನೊಂದು ವರ್ಷ. ಎತ್ತರ ಮಾತ್ರ ಏಳರದ್ದು. ಬೆಳವಣಿಗೆಯ ಹಾರ್ಮೋನು ಸಾಲದೆಂದು ಶಿವಮೊಗ್ಗದ ಡಾಕ್ಟರು ದಿನಾ ಸಂಜೆ ಒಂದು ಇಂಜೆಕ್ಷನ್ ಬರೆದರು. ಪುಟ್ಟ ಸೀಸೆಯ ತಳದಲ್ಲಿ ಚಿಟಿಕೆ ಬಿಳಿ ಪುಡಿ. ಅದಕ್ಕೆ ಒಂದು ಎಂ.ಎಲ್. ನೀರು ಬಿಟ್ಟು, ಕುಲುಕದೆ ಅಂಗೈಯಲ್ಲಿ ಮೆಲ್ಲಗೆ ಹೊರಳಿಸಿದರೆ ಪುಡಿ ಮಾಯ. ಸಿರಿಂಜಿನ ಇಪ್ಪತ್ತನೇ ಗೆರೆಯವರೆಗೆ ಎಳೆದು ಚುಚ್ಚಬೇಕು. ಐದು ದಿನಕ್ಕೊಂದು ಸೀಸೆ. ಮೊದಲ ದಿನ ಅದನ್ನು ಬೆಳಕಿಗೆ ಹಿಡಿದು ನಿಂತೇಬಿಟ್ಟೆ. ಇಷ್ಟೇ ಇಷ್ಟು ಪುಡಿಯೊಳಗೆ ನನ್ನ ಮಗಳ ಮುಂದಿನ ವರ್ಷದ ಲಂಗದ ಅಳತೆ ಇದೆಯಲ್ಲ ಎಂದು ಮೈ ಜುಮ್ಮೆಂದಿತು. ದೇವರ ಮನೆಯಲ್ಲೂ ನಾನು ಅಷ್ಟು ಭಕ್ತಿಯಿಂದ ನಿಂತವನಲ್ಲ. ಇದಕ್ಕೆ ಹೆಂಡತಿಯೇ ಸಾಕ್ಷಿ. ಆರು ತಿಂಗಳಲ್ಲಿ ಬಾಗಿಲ ಚೌಕಟ್ಟಿನ ಪೆನ್ಸಿಲ್ ಗುರುತು ಎರಡು ಬೆರಳು ಮೇಲೇರಿತು.

ರಜೆಗೆ ಸೊರಬಕ್ಕೆ ಹೋದಾಗ, ಹಳೆಯ ಡಬ್ಬಿಯ ಕೊನೆಯ ಸೀಸೆ ಐದು ದಿನಕ್ಕೆ ಮುಗಿಯಿತು. ಈ ಸಲ ಅಂಗಡಿಯವರು ಬೇರೆ ಕಂಪನಿಯ ಡಬ್ಬಿ ಕೊಟ್ಟಿದ್ದರು. ಪುಡಿ ಅಷ್ಟೇ, ಜೊತೆಗಿದ್ದ ನೀರು ಮಾತ್ರ ಎರಡು ಎಂ.ಎಲ್. ನೀರು ತಾನೆ ಎಂದು ಪೂರ್ತಿ ಸುರಿದು, ಎಂದಿನಂತೆ ಇಪ್ಪತ್ತನೇ ಗೆರೆಗೆ ಎಳೆದೆ. ಶುಂಠಿ ಗದ್ದೆಗೆ ಔಷಧಿ ಹೊಡೆದು ಬಂದು, ಸ್ಪ್ರೇಯರ್ ಕ್ಯಾನು ಬೆನ್ನಿಂದ ಇಳಿಸುತ್ತಿದ್ದ ಮಾವ ನನ್ನ ಕೈಯನ್ನೇ ನೋಡುತ್ತಿದ್ದರು.

"ಅಲ್ರೀ ಮೇಷ್ಟ್ರೇ, ಹೋದ ಸಲ ಒಂದೇ ಹಾಕಿದ್ರಿ, ಇವತ್ತು ಎರಡು ಹಾಕಿದ್ರಿ. ಎಳೆದಿದ್ದು ಮಾತ್ರ ಅಷ್ಟೇನಾ?"

"ನೀರು ಹೆಚ್ಚಾದ್ರೆ ಏನಾಗುತ್ತೆ ಮಾವ, ಔಷಧಿ ಅಷ್ಟೇ ಇದೆಯಲ್ಲ" ಎಂದೆ, ಧ್ವನಿ ತಗ್ಗಿಸದೆ.

"ಅದಕ್ಕೇ ಹೇಳಿದ್ದು. ಒಂದೆಕರೆ ಔಷಧೀನ ಹತ್ತು ಕ್ಯಾನ್ ನೀರಿಗೆ ಕಲಸಿದ್ರೆ ಹತ್ತೂ ಹೊಡೀಬೇಕು, ಇಪ್ಪತ್ತಕ್ಕೆ ಕಲಸಿದ್ರೆ ಇಪ್ಪತ್ತೂ ಹೊಡೀಬೇಕು. ಹತ್ತೇ ಹೊಡೆದು ಮನೆಗೆ ಬಂದ್ರೆ ಅರ್ಧ ಔಷಧಿ ಅಲ್ಲೇ ಉಳೀತದಲ್ರೀ!"

ಸೂಜಿ ಹಿಡಿದ ಕೈ ಅಲ್ಲೇ ನಿಂತಿತು. ಅವರು ಕೇಳದಿದ್ದರೆ ಇಡೀ ರಜೆ ನನ್ನ ಮಗಳು ಅರ್ಧ ಔಷಧಿಯಲ್ಲೇ ಬೆಳೆಯಬೇಕಿತ್ತು ಎಂದು ನೆನೆದು ಸಿರಿಂಜನ್ನು ಕೆಳಗಿಟ್ಟೆ. ಆಸ್ಪತ್ರೆಯ ನರ್ಸಿಗೆ ಫೋನ್ ಮಾಡಿದರೆ, "ನಿಮ್ಮ ಮಾವ ಹೇಳಿದ್ದೇ ಸರಿ ಸರ್. ಈ ಡಬ್ಬಿಗೆ ನಲವತ್ತನೇ ಗೆರೆ" ಎಂದರು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ಮಾವ ಆಗಲೇ ಕೈಕಾಲು ತೊಳೆಯಲು ಹೋಗಿದ್ದರು. ಅವರ ಬೆನ್ನನ್ನು ನಾನು ಆ ಸೀಸೆಯನ್ನು ನೋಡಿದ ಹಾಗೆಯೇ ನೋಡುತ್ತ ನಿಂತೆ. "ಅಪ್ಪ, ಅನುಪಾತ ನಂಗೆ ಅಜ್ಜನೇ ಹೇಳ್ಕೊಡ್ಲಿ" ಎಂದಳು ಸಿಂಚನಾ.

ಈಗ ದಿನಾ ಸಂಜೆ ಸಿರಿಂಜನ್ನು ವಿಡಿಯೋ ಕಾಲಿನಲ್ಲಿ ಸೊರಬಕ್ಕೆ ತೋರಿಸುತ್ತೇನೆ. ಮಾವ ಕನ್ನಡಕ ಹಾಕಿ, "ಹ್ಞೂಂ, ಸರಿ, ಚುಚ್ರಿ" ಎಂದ ಮೇಲೆಯೇ ಚುಚ್ಚುವುದು. ಸಿಂಚನಾ ಚೌಕಟ್ಟಿನ ಮೇಲೆ ಏರುತ್ತಲೇ ಇದ್ದಾಳೆ. ಪಕ್ಕದಲ್ಲಿ ನನ್ನದೂ ಒಂದು ಗುರುತು ಹಾಕಿಟ್ಟಿದ್ದರೆ, ಆ ಸಂಜೆಯಿಂದೀಚೆಗೆ ನಾನೆಷ್ಟು ಇಳಿದಿದ್ದೇನೆ ಎಂಬುದೂ ತಿಳಿಯುತ್ತಿತ್ತು.